ರೈಡರ್ ಮಾಸ್ತರ ಪಕ್ಕ ಒಬ್ಬ ಕ್ಯಾಚರ್ ಬೇಕು

ಕಬಡ್ಡಿ ತಂಡಕ್ಕೆ ಕೋಚ್ ಯಾರಾಗಬೇಕು, ರೈಡರ್ ಆಗಿದ್ದವರೋ ಕ್ಯಾಚರ್ ಆಗಿದ್ದವರೋ? ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಯುವಕ ಸಂಘದವರು ತಂಡ ಕಟ್ಟಲು ಕೂತಾಗ ಈ ಮಾತು ಬಂದೇ ಬರುತ್ತದೆ. ಕಡೆಗೆ ಮಣೆ ಸಿಗುವುದು ಹೆಚ್ಚಾಗಿ ಹಳೇ ರೈಡರ್‌ಗೆ. ಹೊನಲು ಬೆಳಕಿನ ಪಂದ್ಯದಲ್ಲಿ ಸೀಟಿ ಬಿದ್ದಿದ್ದೂ ಅವರಿಗೇ ಅಲ್ಲವೇ?

ದೊಡ್ಡ ಮಟ್ಟದಲ್ಲಿ ಇದು ಅಷ್ಟು ದೊಡ್ಡ ಪ್ರಶ್ನೆಯಲ್ಲ. 2025ರ ಪ್ರೊ ಕಬಡ್ಡಿ ಫೈನಲ್ ನೆನಪಿಸಿಕೊಳ್ಳಿ. ದಬಂಗ್ ಡೆಲ್ಲಿಯ ಕೋಚ್ ಜೋಗಿಂದರ್ ನರ್ವಾಲ್, ಆಟಗಾರನಾಗಿ ಡಿಫೆಂಡರ್. ಪುಣೇರಿ ಪಲ್ಟನ್‌ನ ಕೋಚ್ ಅಜಯ್ ಠಾಕೂರ್, ಭಾರತ ಕಂಡ ದೊಡ್ಡ ರೈಡರ್‌ಗಳಲ್ಲೊಬ್ಬರು. ಡೆಲ್ಲಿ ಗೆದ್ದಿತು, 31-28. ಮೂರೇ ಪಾಯಿಂಟ್ ಅಂತರ. ಇಬ್ಬರೂ ಫೈನಲ್‌ವರೆಗೆ ಬಂದಿದ್ದರಲ್ಲ!

ನಮ್ಮ ರಾಜ್ಯದ ಬಿ.ಸಿ. ರಮೇಶ್ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರ ಮಾರ್ಚ್‌ನಲ್ಲಿ ಪುಣೇರಿಗೆ ಕಪ್ ಗೆಲ್ಲಿಸಿದರು. ಬೆಂಗಾಲ್ ಗೆದ್ದ ಫೈನಲ್‌ನಲ್ಲಿ ಅವರ ಮುಖ್ಯ ರೈಡರ್ ಮಣಿಂದರ್ ಸಿಂಗ್ ಗಾಯದಿಂದ ಹೊರಗಿದ್ದರು. ಪುಣೇರಿಯಲ್ಲಿ ಅಸ್ಲಂ ಇನಾಂದಾರ್ ರೈಡಿಗೂ ಶಾದ್ಲೂಯಿ ಹಿಡಿತಕ್ಕೂ ಅಷ್ಟೇ ತೂಕ ಇತ್ತು.

ಕ್ರಿಕೆಟ್‌ನಲ್ಲೂ ಹಾಗೇ. 2016ರಲ್ಲಿ ಭಾರತದ ಮುಖ್ಯ ಕೋಚ್ ಆದ ಕುಂಬ್ಳೆ ಬೌಲರ್, 2021ರಲ್ಲಿ ಆದ ದ್ರಾವಿಡ್ ಬ್ಯಾಟರ್. ಕುಂಬ್ಳೆ ಜೊತೆ ಬ್ಯಾಟಿಂಗ್ ನೋಡಲು ಸಂಜಯ್ ಬಾಂಗರ್ ಇದ್ದರು, ದ್ರಾವಿಡ್ ಜೊತೆ ಬೌಲಿಂಗ್‌ಗೆ ಪಾರಸ್ ಮಾಂಬ್ರೆ. ತನಗೆ ಬಾರದ ಅರ್ಧವನ್ನು ನೋಡಿಕೊಳ್ಳಲು ಪಕ್ಕದಲ್ಲಿ ಜನ ಇದ್ದಾಗ ಮುಖ್ಯ ಕೋಚ್ ಮೊದಲು ಏನಾಗಿದ್ದರು ಎಂಬುದಕ್ಕೆ ಬೆಲೆ ಕಡಿಮೆ.

ನಮ್ಮ ಶಾಲೆಗಳಲ್ಲಿ ಆ ಪಕ್ಕದ ಜನ ಎಲ್ಲಿದ್ದಾರೆ? ಪಿಟಿ ಮಾಸ್ತರು ಒಬ್ಬರೇ. ಖೋ-ಖೋ, ವಾಲಿಬಾಲ್, ಥ್ರೋಬಾಲ್ ಎಲ್ಲ ಅವರದ್ದೇ, ಜೊತೆಗೆ ಕಚೇರಿಯ ಕಾಗದ ಪತ್ರ. ಅವರು ರೈಡರ್ ಆಗಿದ್ದರೆ ಸಂಜೆಯ ಒಂದು ತಾಸು ಟೋ ಟಚ್, ಬೋನಸ್‌ನಲ್ಲೇ ಕಳೆಯುತ್ತದೆ. ಹಿಡಿಯುವ ಹುಡುಗರಿಗೆ ಸಿಗುವುದು ಒಂದೇ ಪಾಠ: 'ಗಟ್ಟಿ ಹಿಡೀರೋ.'

ಹೇಗೆ ಹಿಡಿಯಬೇಕು ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಕಾರ್ನರ್ ಹುಡುಗ ತಲೆ ಮುಂದಿಟ್ಟು ಕಾಲಿಗೆ ಬೀಳುತ್ತಾನೆ, ರೈಡರ್ ಮೊಣಕಾಲು ಮುಖಕ್ಕೆ ಬಡಿಯುತ್ತದೆ. ಮಳೆಗಾಲದ ಕೆಸರಿನಲ್ಲಿ ತಾಲೂಕು ಮಟ್ಟದ ಪಂದ್ಯ ವರದಿ ಮಾಡಲು ಹೋದಾಗ ಇದನ್ನು ನಾವು ಒಂದೆರಡು ಸಲವಲ್ಲ, ಹಲವು ಸಲ ನೋಡಿದ್ದೇವೆ. ಸೋತರೆ ಮುಂದಿನ ವರ್ಷ ಇದೆ. ಹಲ್ಲು ಮುರಿದರೆ?

ಕ್ಯಾಚರ್ ಆಗಿದ್ದ ಕೋಚ್‌ಗಳಲ್ಲೂ ದೋಷ ಇದೆ. ಅವರ ತಂಡ ಎರಡು ಖಾಲಿ ರೈಡ್ ಮಾಡಿ, ಮೂರನೇ 'ಮಾಡು ಇಲ್ಲವೇ ಮಡಿ' ರೈಡ್‌ಗೆ ತಯಾರಿಯೇ ಇಲ್ಲದೆ ಹೋಗಿ ಸಿಕ್ಕಿಬೀಳುತ್ತದೆ. ಆದರೆ ಅಂಥ ಕೋಚ್ ನಮ್ಮಲ್ಲಿ ಕಡಿಮೆ. (ನಮ್ಮ ಬಳಗದಲ್ಲೊಬ್ಬರು ಶಾಲೆಯಲ್ಲಿ ಲೆಫ್ಟ್ ಕಾರ್ನರ್. ಸ್ವಲ್ಪ ಪಕ್ಷಪಾತ ಇದ್ದರೂ ಇರಬಹುದು.)

ಅದಕ್ಕೇ ಕೋಚ್ ಬದಲಿಸಿ ಎಂದು ನಾವು ಹೇಳುತ್ತಿಲ್ಲ. ಊರಿಗೊಬ್ಬ ಹಳೇ ಕ್ಯಾಚರ್ ಇದ್ದೇ ಇರುತ್ತಾರೆ. ಈಗ ಅಡಿಕೆ ತೋಟ ನೋಡಿಕೊಂಡಿರಬಹುದು, ಟೆಂಪೋ ಓಡಿಸುತ್ತಿರಬಹುದು. ಎಸ್‌ಡಿಎಂಸಿಯವರು ಹೋಗಿ ವಾರಕ್ಕೆರಡು ಸಂಜೆ ಬನ್ನಿ ಎಂದು ಕರೆಯಲಿ. ಮಾಸ್ತರರೂ ಬೇಸರ ಮಾಡಿಕೊಳ್ಳಬಾರದು. ರಮೇಶ್ ಕೂಡ ಮೊದಲು ಬೆಂಗಳೂರು ಬುಲ್ಸ್‌ನಲ್ಲಿ ಸಹಾಯಕ ಕೋಚ್ ಆಗಿ ಇನ್ನೊಬ್ಬರ ಪಕ್ಕ ಕೂತವರೇ. ತಾಲೂಕು ಪಂದ್ಯಕ್ಕೆ ಒಂದು ತಿಂಗಳಿರುವಾಗ ಶುರು ಮಾಡಿದರೂ ತಲೆ ಎಲ್ಲಿಡಬೇಕು ಎಂಬುದನ್ನಾದರೂ ಹುಡುಗರು ಕಲಿಯುತ್ತಾರೆ.