ಅಮೀನಗಡದ ಕರದಂಟು ಮತ್ತು ಕಾಕಾನ ಹಲ್ಲು

2025ರ ಜನವರಿಯಲ್ಲಿ ಬನಶಂಕರಿ ಜಾತ್ರೆಗೆ ಅಂತ ಊರಿಗೆ ಹೋಗಿದ್ದೆ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದು ಇಳಕಲ್ಲಿನಲ್ಲಿ ಇಳಿದು, ಮರುದಿನ ಮನೆಮಂದಿಯೆಲ್ಲ ಗಾಡಿ ಮಾಡಿಕೊಂಡು ಬಾದಾಮಿಗೆ ಹೊರಟೆವು. ಹುನಗುಂದ ದಾಟಿದ ಮೇಲೆ ಅಮೀನಗಡ ಬರುತ್ತದಲ್ಲ, ಅಲ್ಲಿ ಕರದಂಟು ತಗೊಳ್ಳದೆ ಮುಂದೆ ಹೋದರೆ ನಮ್ಮವರಿಗೆ ಸಮಾಧಾನವಿಲ್ಲ. ನಮ್ಮ ಕಾಕಾ ಒಂದು ತುಂಡು ಕಡಿದರು ನೋಡಿ, ‘ಕಟಕ್’ ಅಂತ ಸಪ್ಪಳ! ಕೈಗೆ ಉಗುಳಿದರೆ ಗೋಡಂಬಿ ಜೊತೆ ದವಡೆ ಹಲ್ಲಿನ ಅರ್ಧ ಭಾಗ.

(ಕರದಂಟಿನ ತಪ್ಪಲ್ಲ. ಆ ಹಲ್ಲು ಮೊದಲೇ ಹುಳುಕಾಗಿತ್ತು.)

“ಕಾಕಾ, ನಾಳೆ ಡಾಕ್ಟರ್ ಕಡೆ ಹೋಗಿ ಬರೂಣು” ಅಂದೆ. “ಏ ಬಿಡೋ ತಮ್ಮಾ, ಒಂದು ಹೋದ್ರ ಇನ್ನೂ 31 ಅದಾವಲ್ಲ” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವತ್ತು ರಾತ್ರಿಯೇ ನೋವು ಶುರುವಾಯಿತು. ಕಾಕು ಲವಂಗ ಕೊಟ್ಟರು, ಔಷಧ ಅಂಗಡಿಯವರು ಗುಳಿಗೆ ಕೊಟ್ಟರು. ವಾರದಲ್ಲಿ ನೋವು ಪೂರ್ತಿ ನಿಂತಿತು. “ನೋಡಿದ್ಯಾ, ಡಾಕ್ಟರ್‌ಗೆ ಕೊಡೂ ರೊಕ್ಕ ಉಳೀತು” ಅಂತ ಫೋನಿನಲ್ಲಿ ಖುಷಿಯಿಂದ ಹೇಳಿದರು. ಮೂರು ವಾರ ಕಳೆದಿರಬೇಕು, ಒಂದು ಮುಂಜಾನೆ ತಮ್ಮನ ಫೋನು. ಕಾಕಾನ ಗದ್ದದ ಕೆಳಗೆಲ್ಲ ಬಾವು, ಜ್ವರ, ಬಾಯಿ ತೆರೆಯಲು ಆಗುತ್ತಿಲ್ಲ, ಉಗುಳೂ ನುಂಗಲು ಆಗುತ್ತಿಲ್ಲ. ಕಾರು ಮಾಡಿಕೊಂಡು ಬಾಗಲಕೋಟೆಗೆ ಓಡಿದರು. ಕುತ್ತಿಗೆ ಹತ್ತಿರ ಕೊಯ್ದು ಕೀವು ತೆಗೆದರು, ಐದು ದಿನ ಆಸ್ಪತ್ರೆ. ಇನ್ನೊಂದು ದಿನ ತಡವಾಗಿದ್ದರೆ ಉಸಿರಾಟಕ್ಕೇ ತೊಂದರೆ ಆಗುತ್ತಿತ್ತಂತೆ.

ನನ್ನ ತಲೆ ಕೆಡಿಸಿದ್ದು ಮಧ್ಯೆ ನೋವು ನಿಂತ ಆ ಮೂರು ವಾರ. ಹಲ್ಲಿನೊಳಗೆ ನರ, ರಕ್ತ ಇರುವ ಮೆತ್ತನೆಯ ತಿರುಳು ಇರುತ್ತದೆ. ಮುರಿದ ಜಾಗದಿಂದ ಸೋಂಕು ಒಳಗೆ ಹೋದಾಗ ಅದು ಬದುಕಿರುವವರೆಗೆ ಚೀರುತ್ತದೆ. ಸತ್ತ ಮೇಲೆ ಸುಮ್ಮನಾಗುತ್ತದೆ. ಸೋಂಕು ಮಾತ್ರ ಬೇರಿನ ತುದಿಯಿಂದ ಎಲುಬಿಗೆ ಇಳಿಯುತ್ತಲೇ ಇರುತ್ತದೆ. ಗುಳಿಗೆ ಸ್ವಲ್ಪ ದಿನ ತಡೆಯಬಹುದು, ಸತ್ತ ತಿರುಳನ್ನು ಅದು ತೆಗೆಯುವುದಿಲ್ಲ. ನಮ್ಮ ಆಫೀಸಿನಲ್ಲಿ ಎರರ್ ಮೆಸೇಜು ಬರುವುದು ನಿಂತಿತು ಅಂದರೆ ಸರ್ವರ್ ಸರಿಯಾಯ್ತು ಅಂತ ಯಾರೂ ಚಹಾ ಕುಡಿಯಲು ಹೋಗುವುದಿಲ್ಲ, ಸರ್ವರ್ರೇ ಸತ್ತಿದೆಯಾ ಅಂತ ಮೊದಲು ನೋಡುತ್ತೇವೆ. ಹಲ್ಲಿನ ವಿಷಯದಲ್ಲಿ ಮಾತ್ರ ನೋವೊಂದೇ ನಮ್ಮ ಅಳತೆಗೋಲು!

ಹಾಗಂತ ಚೂರು ಹೋದ ಕೂಡಲೇ ರಾತ್ರೋರಾತ್ರಿ ಓಡಬೇಕಿಲ್ಲ. ಅಂಚು ಮಾತ್ರ ಚೂರಾಗಿ, ನೋವು, ಜುಮ್ಮೆನ್ನುವುದು ಏನೂ ಇಲ್ಲದಿದ್ದರೆ ನಾಲ್ಕಾರು ದಿನದಲ್ಲಿ ತೋರಿಸಿದರೆ ನಡೆಯುತ್ತದೆ. ಮುರಿದ ಜಾಗದ ನಡುವೆ ಕೆಂಪು ಚುಕ್ಕೆ ಕಂಡರೆ, ರಕ್ತ ಒಸರಿದರೆ, ಹಲ್ಲು ಅಲುಗಾಡಿದರೆ, ನೋವು ರಾತ್ರಿ ನಿದ್ದೆಗೆಡಿಸಿದರೆ ಅವತ್ತೇ ಅಥವಾ ಮರುದಿನವೇ ಹೋಗಬೇಕು. ಮುಖ ಬಾತು ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಹಲ್ಲಿನ ಡಾಕ್ಟರ್ ಯಾವಾಗ ಬರ್ತಾರೆ ಅಂತ ಕೇಳುತ್ತ ಕೂಡಬೇಡಿ, 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ. ಬೈಕಿನಿಂದ ಬಿದ್ದು ಹಲ್ಲು ಮುರಿದವರು ವಾಂತಿ ಮಾಡಿಕೊಂಡರೆ, ಎಚ್ಚರ ತಪ್ಪಿದರೆ ಮೊದಲು ತಲೆ ತೋರಿಸಬೇಕು, ಆಮೇಲೆ ಹಲ್ಲು.

ಇನ್ನೊಂದು. ಮಕ್ಕಳು ಆಡುವಾಗ ಬಿದ್ದು ಮುಂದಿನ ಹಲ್ಲು ಬೇರು ಸಮೇತ ಬಂದರೆ, ಅದು ಹಾಲು ಹಲ್ಲಲ್ಲದಿದ್ದರೆ, ಎಸೆಯಬೇಡಿ. ಬೇರು ಮುಟ್ಟದೆ, ಉಜ್ಜದೆ, ಮಣ್ಣಾಗಿದ್ದರೆ ನೀರಲ್ಲಿ ಒಮ್ಮೆ ಅದ್ದಿ ಅದೇ ಕುಳಿಯಲ್ಲಿ ಕೂರಿಸಬೇಕು. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ಓಡಬೇಕು. ಅರ್ಧ ತಾಸಿನೊಳಗೆ ಕೂರಿಸಿದರೆ ಮತ್ತೆ ಹತ್ತಿಕೊಳ್ಳುವ ಸಾಧ್ಯತೆ ಚೆನ್ನಾಗಿರುತ್ತದೆ. ನನಗೂ ಇದು ಗೊತ್ತಿರಲಿಲ್ಲ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಹುನಗುಂದ, ಇಳಕಲ್ ಭಾಗದ ಎಷ್ಟೋ ಬೋರಿನ ನೀರಿನಲ್ಲಿ ಫ್ಲೋರೈಡು ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಅಂಥ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ತೀರ ಜಾಸ್ತಿಯಾದರೆ ಮೇಲ್ಪದರವೇ ಚಕ್ಕೆ ಏಳುತ್ತದೆ. ಚಿಕ್ಕಂದಿನಿಂದ ಅದನ್ನೇ ನೋಡಿ ನೋಡಿ “ನಮ್ಮ ಹಲ್ಲ ಹಂಗ ಅದಾವ” ಅಂತ ಸುಮ್ಮನಾಗಿಬಿಡುತ್ತೇವೆ. ನಿಜವಾಗಿ ಮುರಿದಾಗಲೂ ಅದೇ ಮಾತು.

ಕಾಕಾನನ್ನು ಬೈಯಲು ಮನಸ್ಸಾಗುವುದಿಲ್ಲ. ಅವರು ಸೀರೆ ನೇಯುವವರು, ಮಗ್ಗದಿಂದ ಎದ್ದರೆ ಅವತ್ತಿನ ಕೂಲಿ ಇಲ್ಲ. ಬಾಗಲಕೋಟೆಯಲ್ಲಿ ಪಿ.ಎಂ. ನಾಡಗೌಡ ದಂತ ವೈದ್ಯಕೀಯ ಕಾಲೇಜು ಇದೆ, ಆದರೆ ಬಸ್ಸಿನಲ್ಲಿ ಹೋಗಿ ಬಂದರೆ ಒಂದಿಡೀ ದಿನ ಹೋಗುತ್ತದೆ. ಆ ಒಂದು ದಿನ ಉಳಿಸಲು ಹೋಗಿ ಐದು ದಿನ ಮಲಗಿದರು, ಮನೆಗೆ ಬಂದ ಮೇಲೂ ಹದಿನೈದು ದಿನ ಮಗ್ಗ ಹತ್ತಲಿಲ್ಲ. ಹಂಗಿಸುವ ಹಕ್ಕು ನನಗಂತೂ ಇಲ್ಲ, ಜೀಪಿನಲ್ಲಿ ನಕ್ಕವರಲ್ಲಿ ನಾನೂ ಒಬ್ಬ.

ಅಂದಹಾಗೆ ನನ್ನದೂ ಒಂದು ಹಲ್ಲಿನ ಮೂಲೆ ಚೂರು ಹೋಗಿ ವರ್ಷವಾಯಿತು. ನೋವಿಲ್ಲ ಅಂತ ಬಿಟ್ಟಿದ್ದೆ :) ಶನಿವಾರ ಹನ್ನೊಂದು ಗಂಟೆಗೆ ಅಪಾಯಿಂಟ್‌ಮೆಂಟ್ ತಗೊಂಡಿದ್ದೇನೆ.