ಶಾಲು ಸಾಕು, ಶುಲ್ಕ ಕಟ್ಟೋಣ

ಬಡತನವನ್ನು ಗೆದ್ದು ಓದಿದ ಮಕ್ಕಳಿಗೆ ಇಂದು ಶಾಲು ಹೊದಿಸುವ ನಮ್ಮ ಸಮಾಜವು, ಅವರ ವಿಧವೆ ತಾಯಂದಿರು ಶುಲ್ಕಕ್ಕಾಗಿ ಅಲೆದಾಗ ಎಲ್ಲಿತ್ತು? ಕುಂಭೋಜದ ಜೈನ ಮನೆತನದಲ್ಲಿ 1887ರಲ್ಲಿ ಜನಿಸಿದ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ಎಲ್ಲ ಜಾತಿಗಳ ಬಡಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಆ ಮಕ್ಕಳು ಹಸಿಯಬಾರದೆಂದು ಪತ್ನಿ ಲಕ್ಷ್ಮೀಬಾಯಿಯವರು ಮಂಗಳಸೂತ್ರವನ್ನೂ ಬಿಚ್ಚಿಕೊಟ್ಟರು. ಮಕ್ಕಳು ಗೆದ್ದು ಬರಲೆಂದು ಅವರು ಕಾದು ಕೂರಲಿಲ್ಲ. ನಾವಾದರೋ ಕಲಶದ ಸವಾಲಿನಲ್ಲಿ ಲಕ್ಷಗಳನ್ನು ಕೂಗುತ್ತೇವೆ. ಶಾಸ್ತ್ರದಾನವೆಂದರೆ ಗ್ರಂಥಮುದ್ರಣವಷ್ಟೇ ಎಂದು ತಿಳಿದಿದ್ದೇವೆ. ಲೆಕ್ಕಪರಿಶೋಧಕನಾಗಿ ನನ್ನದೊಂದು ವಿನಂತಿ: ಮುಂದಿನ ವಾರ್ಷಿಕ ಸಭೆಯಲ್ಲಿ ನಿಮ್ಮ ಬಸದಿಯ ಟ್ರಸ್ಟಿನ ಜಮಾಖರ್ಚನ್ನು ತೆರೆದು ವಿದ್ಯಾರ್ಥಿವೇತನದ ಬಾಬ್ತನ್ನು ಹುಡುಕಿರಿ. ಅದು ಕಾಣದಿದ್ದರೆ ಆ ಲೆಕ್ಕಕ್ಕೆ ಒಪ್ಪಿಗೆಯ ಕೈ ಎತ್ತಬೇಡಿರಿ.