ಯಂತ್ರವು ಮನುಷ್ಯನಾಯಿತೆಂಬ ಮಾತು

ಯಂತ್ರವು ಮನುಷ್ಯನಾಗುತ್ತಿದೆಯೆಂಬ ಜಯಘೋಷ ಈಗ ಎಲ್ಲೆಡೆಯೂ ಕೇಳಿಬರುತ್ತಿದೆ. ಈಚೆಗೆ ಶಿಕ್ಷಕರ ತರಬೇತಿಯೊಂದರಲ್ಲಿ ವ್ಯಾಖ್ಯಾನಕಾರರೊಬ್ಬರು, ಇನ್ನು ಕೆಲವೇ ವರ್ಷಗಳಲ್ಲಿ ಗಣಕಯಂತ್ರದ ಕ್ರಮವಿಧಿಯೇ ಪಾಠ ಹೇಳುವುದೆಂದೂ, ಸಣ್ಣ ಭಾಷೆಯ ಸಣ್ಣ ಶಾಲೆಗಳಿಗೆ ಪ್ರತ್ಯೇಕ ಮಾಸ್ತರರನ್ನು ಹುಡುಕುವ ತಾಪತ್ರಯವೇ ತಪ್ಪುವುದೆಂದೂ ಸಾರಿದರು. ಸಾಕ್ಷಿಗೆಂದು ಅವರು ಹೇಳಿದ್ದು ಒಂದು ಚಲಚ್ಚಿತ್ರವನ್ನು: 2024ರಲ್ಲಿ ತೆರೆಕಂಡ ‘ದಿ ವೈಲ್ಡ್ ರೋಬಾಟ್’ ಎಂಬ ಅಮೇರಿಕದ ಸಜೀವಚಿತ್ರ. ಅದರಲ್ಲಿ ಯಂತ್ರವೊಂದು ತಾಯಿಯೇ ಆಗುತ್ತದೆಯಂತೆ. ತಾಯಿಯಾಗಬಲ್ಲುದು ಮಾಸ್ತರನಾಗಲಾರದೇ? ಸಭೆ ಚಪ್ಪಾಳೆ ತಟ್ಟಿತು. ನಾವೂ ತಟ್ಟಿದೆವು, ಮುಚ್ಚಿಡುವುದೇಕೆ, ಊಟದ ಹೊತ್ತಾಗಿತ್ತು.

ಬಳಿಕ ಮನಸ್ಸಿಗೆ ಸಮಾಧಾನವಾಗಲಿಲ್ಲ. ಕುಂಭಾರಿಯ ನಮ್ಮ ಹುಡುಗರಿಗೆ ಒಂದು ಶನಿವಾರ ಆ ಚಿತ್ರವನ್ನೇ ತೋರಿಸಿದೆವು. ಮಾತು ಇಂಗ್ಲಿಷಿನದು, ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ವಿವರಿಸುವ ಕೆಲಸ ನಮ್ಮದು. ಕಥೆ ಪೀಟರ್ ಬ್ರೌನ್ ಎಂಬವರ 2016ರ ಮಕ್ಕಳ ಪುಸ್ತಕದಿಂದ ಬಂದದ್ದು, ನಿರ್ದೇಶಕರು ಕ್ರಿಸ್ ಸ್ಯಾಂಡರ್ಸ್. ಮನುಷ್ಯರ ಚಾಕರಿಗೆಂದು ಮಾಡಿದ ‘ರಾಝ್’ ಎಂಬ ಯಂತ್ರವು ಬಿರುಗಾಳಿಗೆ ಸಿಕ್ಕಿ ನಿರ್ಜನ ದ್ವೀಪವೊಂದನ್ನು ಸೇರುತ್ತದೆ. ಏನು ಕೆಲಸ ಮಾಡಲಿ ಎಂದು ಕಂಡಕಂಡ ಪ್ರಾಣಿಗಳನ್ನೆಲ್ಲ ಕೇಳುತ್ತದೆ. ಅವು ಬೆದರಿ ಓಡುತ್ತವೆ. ಆಗ ಅದು ಒಂದೆಡೆ ಕುಳಿತು, ಬಾಯಿ ತೆರೆಯದೆ, ಕಾಡಿನ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತದೆ. ಮುಂದೆ ಕರಡಿಯಿಂದ ತಪ್ಪಿಸಿಕೊಳ್ಳುವ ಭರದಲ್ಲಿ ಬಿದ್ದು ಹೆಬ್ಬಾತಿನ ಗೂಡೊಂದನ್ನು ನುಗ್ಗುಮಾಡುತ್ತದೆ. ಉಳಿಯುವುದು ಒಂದೇ ತತ್ತಿ. ಅದರಿಂದ ಹೊರಬಂದ ಮರಿಗೆ ತಿನ್ನಲು, ಈಜಲು, ಚಳಿಗಾಲದೊಳಗಾಗಿ ಹಾರಲು ಕಲಿಸುವ ಹೊಣೆ ಯಂತ್ರದ ಮೇಲೆ ಬೀಳುತ್ತದೆ.

ಇಲ್ಲಿ ವ್ಯಾಕರಣದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಮೊದಮೊದಲು ನಮ್ಮ ಹುಡುಗರು ರಾಝನ್ನು ‘ಅದು’ ಎನ್ನುತ್ತಿದ್ದರು. ಯಂತ್ರಕ್ಕೆ ನಪುಂಸಕಲಿಂಗ, ಸರಿಯೇ. ತತ್ತಿಯೊಡೆದು ಮರಿ ಹೊರಬಂದ ಮೇಲೆ, ಯಾರೂ ಹೇಳಿಕೊಡದೆ, ತರಗತಿಯ ಬಾಯಲ್ಲಿ ‘ಅಕಿ’ ಬಂದಿತು. ‘ಅಕಿ ಏನ ಮಾಡತಾಳ’, ‘ಅಕಿನ್ನ ಹೊತಗೊಂಡ ಹೋದ್ರು’. ಇದನ್ನೇ ಹಿಡಿದು ವ್ಯಾಖ್ಯಾನಕಾರರು ಗೆದ್ದೆನೆನ್ನಬಹುದು. ಆದರೆ ಬದಲಾದದ್ದು ಯಾವುದು? ಪರದೆಯ ಮೇಲಿದ್ದ ಚಿತ್ರ ನೂರಾರು ಕಲಾವಿದರು ಕುಂಚದ ಹದದಲ್ಲಿ ಬರೆದುದು. ಅದರ ಧ್ವನಿ ಲುಪಿಟಾ ನ್ಯೋಂಗೊ ಎಂಬ ನಟಿಯದು. ಬದಲಾದದ್ದು ಮಕ್ಕಳ ನಾಲಗೆಯ ಮೇಲಿನ ಸರ್ವನಾಮ. ಚಿತ್ರ ಮುಗಿದಾಗ ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳು ಕೇಳಿದಳು: “ಗುರುಜೀ, ಗೂಡು ತುಳದದ್ದಕ್ಕ ಅಕಿ ಅವ್ವ ಆದ್ಲಲ್ರೀ?” ಆ ತರಬೇತಿಯ ಮೂರು ದಿನಗಳಲ್ಲಿ ಇಂಥ ಮಾತೊಂದು ನಮ್ಮ ಕಿವಿಗೆ ಬಿದ್ದಿರಲಿಲ್ಲ. ತಪ್ಪು ಮಾಡಿ, ಆ ತಪ್ಪಿಗೆ ತಾನೇ ಬಾಧ್ಯಳೆಂದು ನಿಂತವಳು ತಾಯಿಯಾದಳು. ನಮ್ಮ ಕೈಗೆ ಬಂದಿರುವ ಕ್ರಮವಿಧಿಗಳಲ್ಲಿ ಯಾವುದು ತನ್ನ ತಪ್ಪಿಗೆ ಬಾಧ್ಯವಾಗಿ ನಿಂತಿದೆ? ತಪ್ಪಿದ್ದರೆ ಕ್ಷಮಿಸಿ ಎಂದು ಬರೆದು, ಅದೇ ತಪ್ಪನ್ನು ಮತ್ತೊಬ್ಬರಿಗೆ ಬಡಿಸುತ್ತದೆ.

ಕ್ರಮವಿಧಿಯೆಂದರೇನೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಸೊಲ್ಲಾಪುರದ ಚಾದರ ನೇಯುವ ಜಕಾರ್ಡ ಮಗ್ಗದ ಮೇಲೆ ತೂತುಬಿದ್ದ ರಟ್ಟಿನ ಕಾರ್ಡುಗಳ ಸರ ತೂಗುತ್ತಿರುವುದನ್ನು ಇಲ್ಲಿಯ ಎಷ್ಟೋ ಮಕ್ಕಳು ಕಂಡಿದ್ದಾರೆ. ತೂತಿದ್ದಲ್ಲಿ ಸೂಜಿ ಒಳಹೋಗುತ್ತದೆ, ಹಾಸಿನ ಎಳೆ ಮೇಲೇಳುತ್ತದೆ. ತೂತಿಲ್ಲದಲ್ಲಿ ಎಳೆ ಇದ್ದಲ್ಲೇ ಇರುತ್ತದೆ. ಹೀಗೆ ಸಾಲುಸಾಲಾಗಿ ನಡೆದು ಕೊನೆಗೆ ಚಾದರದಲ್ಲಿ ನವಿಲು ಮೂಡುತ್ತದೆ. ಫ್ರಾನ್ಸಿನ ಜಕಾರ್ಡ ಎಂಬವನು 1804ರ ಸುಮಾರಿಗೆ ಮಾಡಿದ ಈ ಯುಕ್ತಿಯನ್ನೇ ಇಂಗ್ಲಂಡಿನ ಬ್ಯಾಬೇಜ್ ತನ್ನ ಗಣಿತಯಂತ್ರದ ಯೋಜನೆಗೆ ತೆಗೆದುಕೊಂಡ. 1890ರ ಅಮೇರಿಕದ ಜನಗಣತಿಯಲ್ಲಿ ಹಾಲರಿತ್ ತೂತಿನ ಕಾರ್ಡುಗಳಿಂದಲೇ ಎಣಿಸಿದ. ಇಂದಿನ ಗಣಕವೂ ಆ ವಂಶದ್ದೇ. ರಟ್ಟಿನ ಬದಲು ವಿದ್ಯುತ್ತು, ಸಾವಿರದ ಬದಲು ಕೋಟಿಗಟ್ಟಲೆ ತೂತು. ನವಿಲು ನೇಯ್ದ ಕಾರ್ಡು ನವಿಲನ್ನು ಕಂಡಿದೆಯೇ? ಮಳೆಗಾಲದ ಸಂಜೆ ಅದು ಕೂಗುವುದನ್ನು ಕೇಳಿದೆಯೇ? ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮನು ಬಂದು ಕೆಣಕಿದ್ದು ಕ್ರಿಯೆಗೂ ಅರಿವಿಗೂ ಇರುವ ಈ ಅಂತರದ ವಿಷಯವಾಗಿಯೇ. ಕೆರೆ ಸಣ್ಣದೆಂದು ಅಲ್ಲಮ ಹೇಳಲಿಲ್ಲ. ಚಾದರ ಬೆಚ್ಚಗಿಲ್ಲವೆಂದು ನಾವೂ ಹೇಳುವುದಿಲ್ಲ.

ಯಂತ್ರದ್ವೇಷ ನಮ್ಮದಲ್ಲ. ಕೆ. ಪಿ. ರಾಯರ ಕೀಲಿಮಣೆ ವಿನ್ಯಾಸವೂ 1998ರ ‘ಬರಹ’ ತಂತ್ರಾಂಶವೂ ಇಲ್ಲದಿದ್ದರೆ ಕನ್ನಡವು ಗಣಕದ ಹೊಸ್ತಿಲಲ್ಲೇ ನಿಂತಿರುತ್ತಿತ್ತು. ನಮ್ಮ ತಕರಾರು ಬೇರೆ. ಇಂದಿನ ಮಾತಾಡುವ ಕ್ರಮವಿಧಿಗಳು ಜಗತ್ತಿನ ಬರಹದ ರಾಶಿಯನ್ನು ಅರೆದು, ಒಂದು ಪದದ ಮುಂದೆ ಯಾವ ಪದ ಬಂದೀತೆಂದು ಲೆಕ್ಕಹಾಕಿ ಹೇಳುತ್ತವೆ. ಆ ರಾಶಿಯಲ್ಲಿ ಇಂಗ್ಲಿಷು ಕಣ, ಕನ್ನಡ ಬೊಗಸೆ; ಅಕ್ಕಲಕೋಟೆ–ದಕ್ಷಿಣ ಸೊಲ್ಲಾಪುರದ ಕನ್ನಡ ಒಂದು ಕಾಳೂ ಇರಲಿಕ್ಕಿಲ್ಲ, ಏಕೆಂದರೆ ನಾವು ಅದನ್ನು ಬರೆದೇ ಇಲ್ಲ. ನಮ್ಮ ಮಗು ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಆಡುತ್ತದೆ. 2024ರ ಜನವರಿಯಲ್ಲಿ ಇಲ್ಲಿಯ ರೇ ನಗರದಲ್ಲಿ 15,000 ಮನೆಗಳು ಬೀಡಿ, ನೇಯ್ಗೆ ಮುಂತಾದ ಕೆಲಸದವರ ಕೈಸೇರಿದ ಮೇಲೆ ತೆಲುಗೂ ಕಿವಿಗೆ ಬೀಳುತ್ತಿದೆ. ಇಂಥ ಮಗು “ಬರಾಕತ್ತೀನ್ರೀ” ಎಂದರೆ ದೂರವಾಣಿಯ ಯಂತ್ರ ಏನನ್ನೋ ಬರೆಯಿತು, ನಾವೇ ಪರೀಕ್ಷಿಸಿದೆವು. ಅದು ಆ ಮಗುವಿನ ಮಾಸ್ತರನಾಗುವುದಂತೆ!

ಇಷ್ಟು ಬರೆದು ಲೇಖನಿ ನಿಂತಿತು. ದೂರವಾಣಿಯ ಯಂತ್ರ ಮಾಡಿದ್ದನ್ನೇ ನಾವು ಮಾಡುತ್ತಿಲ್ಲವೇ? ‘ಬರಾಕತ್ತೀನಿ’ ಎಂದ ಮಗುವಿಗೆ, ಅದು ಎಲ್ಲಿಗೆ ಬರುತ್ತಿದೆಯೆಂದು ಕೇಳುವ ಮೊದಲು, ‘ಬರುತ್ತಿದ್ದೇನೆ ಎನ್ನು’ ಎಂದು ತಿದ್ದುತ್ತೇವೆ. ಉತ್ತರವನ್ನು ಫಳಿಯ ಮೇಲೆ ಬರೆದು, ಇಳಿಸಿಕೊಳ್ಳಿರಿ ಎನ್ನುತ್ತೇವೆ. ತೂತಿದ್ದಲ್ಲಿ ಎಳೆ ಏಳಲಿ, ಇಲ್ಲದಲ್ಲಿ ಸುಮ್ಮನಿರಲಿ. ರಾಝ್ ದಿನಗಟ್ಟಲೆ ಕುಳಿತು ಕೇಳಿಸಿಕೊಂಡಿತು. ಪ್ರಮಾಣಪತ್ರ ಪಡೆದ ನಾವು ಮೊದಲ ದಿನ, ಮೊದಲ ತಾಸಿನಲ್ಲಿ, ಕೈಕಟ್ಟಿ ಬಾಯಿಮುಚ್ಚಿರೆಂದು ಆಜ್ಞೆ ಮಾಡಿದೆವು. ಮಾಸ್ತರನು ಕ್ರಮವಿಧಿಯಂತಾದುದರಿಂದಲೇ ಕ್ರಮವಿಧಿಯು ಮಾಸ್ತರನಂತೆ ಕಾಣತೊಡಗಿದೆ. ವ್ಯಾಖ್ಯಾನಕಾರರಿಗೆ ಧೈರ್ಯ ಬಂದದ್ದು ನಮ್ಮನ್ನು ನೋಡಿಯೇ ಇರಬೇಕು.

ಕನ್ನಡದಲ್ಲಿಯೂ ಈ ಗಾಳಿ ಬೀಸಿದೆ. 2025ರಲ್ಲಿ ‘ಲವ್ ಯೂ’ ಎಂಬ ಕನ್ನಡ ಚಿತ್ರ ಬಂದಿತು: ನಟರಿಲ್ಲ, ಛಾಯಾಗ್ರಾಹಕರಿಲ್ಲ, ಚಿತ್ರವೂ ಸಂಗೀತವೂ ಕೃತಕ ಬುದ್ಧಿಯಿಂದ, ವೆಚ್ಚ ಸುಮಾರು 10 ಲಕ್ಷ ರೂಪಾಯಿ. ಬಡವನೂ ಚಿತ್ರ ತೆಗೆಯಬಹುದೆಂಬುದು ಅದರ ಪರವಾದ ಮಾತು, ಅದನ್ನು ತಳ್ಳಿಹಾಕುವುದಿಲ್ಲ. ಆದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿರಿ. ಅಲ್ಲಿ ನೂರಾರು ಮನುಷ್ಯರು ಕೂಡಿ ಒಂದು ಯಂತ್ರಕ್ಕೆ ಕರುಳು ಕೊಟ್ಟರು; ಇಲ್ಲಿ ಯಂತ್ರಗಳು ಕೂಡಿ ಮನುಷ್ಯರನ್ನು ಬಿಟ್ಟುಕೊಟ್ಟವು. ಶಾಲೆಯಲ್ಲಿ ನಡೆಸಬೇಕೆಂದಿರುವುದು ಎರಡನೆಯದನ್ನು, ತೋರಿಸುವುದು ಮೊದಲನೆಯದರ ಹೆಸರನ್ನು. ನಮ್ಮ ಸಿಟ್ಟು ಇದಕ್ಕೆ.

ಆ ಮಹಾಶಯರಿಗೆ ನಮ್ಮದೊಂದು ಆಹ್ವಾನ. ತಮ್ಮ ಯಂತ್ರವನ್ನು ಕುಂಭಾರಿಗೆ ತರಲಿ. ಹಿಂದಿನ ಬೆಂಚಿನಲ್ಲಿ ಒಂದು ತಿಂಗಳು ಸುಮ್ಮನೆ ಕೂಡಿಸಲಿ. ಪಕ್ಕದಲ್ಲಿ ನಾವೂ ಕೂಡುತ್ತೇವೆ. ತಿಂಗಳ ಕೊನೆಗೆ ಆ ನಾಲ್ಕನೆಯ ಇಯತ್ತೆಯ ಹುಡುಗಿ ನಮ್ಮಿಬ್ಬರಿಗೂ ಪ್ರಶ್ನೆ ಕೇಳಲಿ. ಆ ದಿನ ಫಳಿಯ ಮೇಲೆ ಉತ್ತರ ಬರೆದಿರುವುದಿಲ್ಲ.